ಮಾದೇವಿಯ ಫೋಟೋ

"ಕೂತ್ಕೊಳಮ್ಮ" ಎಂದು ಇನ್ನಾಸಿಮುತ್ತು ಇನ್ನೊಮ್ಮೆ ಹೇಳಿದ. ದೇವಿರಮ್ಮ ಕೂರಲಿಲ್ಲ. ಸ್ಟುಡಿಯೋದಲ್ಲಿದ್ದದ್ದು ಫೋಟೋ ತೆಗೆಸಿಕೊಳ್ಳುವವರು ಕೂರುವ ಕೆತ್ತನೆಯ ಕುರ್ಚಿ ಒಂದೇ. ಅದರ ಹಿಂದಿನ ಪರದೆಯ ಮೇಲೆ ಕೊಳ, ಕೊಳದಲ್ಲಿ ಹಂಸ, ಯಾವುದೋ ಅರಮನೆಯ ಬಿಳಿ ಮೆಟ್ಟಿಲು. ಅಲ್ಲಿ ಕೂತರೆ ತನ್ನದೂ ಒಂದು ಫೋಟೋ ಹಿಡಿದುಬಿಟ್ಟಾರು ಎನ್ನುವ ಹಾಗೆ ಆಕೆ ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತಿದ್ದಳು. ಬೋಗಾದಿಯಿಂದ ನಡೆದೇ ಬಂದಿದ್ದಳು, ಕಾಲೆಲ್ಲ ಧೂಳಾಗಿತ್ತು.

"ಒಂದ್ಸಲ ತೋರ್ಸ್ಬುಡಿ ಸಾಮಿ. ಮುಟ್ಟಕಿಲ್ಲ. ದೂರ್ದಿಂದ್ಲೇ ಮೊಖ ನೋಡ್ಕಂಡು ಒಂಟೋಯ್ತೀನಿ."

"ನನ್ನ ಕೈಲಿಲ್ಲ ಕಣಮ್ಮ. ಪೋಲೀಸ್ನೋರು ತೆಗೆಸಿದ ಫೋಟೋ ಅದು. ಅವರನ್ನೇ ಕೇಳಿ."

"ಕೇಳ್ದೆ ಕನ ಸಾಮಿ. ಟೇಸನ್ ಮುಂದೆ ಕುಂತು ಕುಂತು ಸಾಕಾಯ್ತು. ಕೇಸು ಮುಗಿಯಗಂಟ ಯಾರ್ಗೂ ತೋರ್ಸಂಗಿಲ್ಲ, ಓಗವ್ವ ಅಂದ್ರು. ಎತ್ತೋಳ್ಗೇ ತೋರ್ಸ್‌ದಿದ್ಮೇಲೆ ಇನ್ಯಾರ್ಗೆ ತೋರ್ಸಾರು?"

ದೇವಿರಮ್ಮನ ದೊಡ್ಡ ಮಗಳು ಮಾದೇವಿಯನ್ನು ಒಂಟಿಕೊಪ್ಪಲಿನ ಚೆಲುವರಾಜುವಿಗೆ ಕೊಟ್ಟಿತ್ತು. ಅವನದು ಸೌದೆ ಡಿಪೋ, ಕೈತುಂಬ ವ್ಯಾಪಾರ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಆ ಬಾವಿಯಲ್ಲೇ ಒಂದು ಬೆಳಿಗ್ಗೆ ಮಾದೇವಿಯ ಹೆಣ ತೇಲಿತು. ದೇವಿರಮ್ಮ ಆಗ ಭತ್ತದ ಒಕ್ಕಣೆಗೆಂದು ನರಸೀಪುರದ ಕಡೆ ತಮ್ಮನ ಮನೆಗೆ ಹೋಗಿದ್ದಳು. ಸುದ್ದಿ ಮುಟ್ಟಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

"ನಮ್ ಕುಲ್ದಲ್ಲಿ ಊಳೋದು ಸಾಮಿ" ಎಂದಳು ದೇವಿರಮ್ಮ. "ನಮ್ಮಪ್ಪ, ನನ್ ಗಂಡ, ಎಲ್ಲಾರೂ ಒಲದ ಬದೀಲೇ ಮಲ್ಗವ್ರೆ. ಇವ್ಳ್ನ ಮಾತ್ರ ಸುಟ್ಬುಟ್ರು. ಯಾಕಪ್ಪ ಅಂದ್ರೆ, ಬಾವೀಲಿ ಸತ್ತೋರ್ನ ಊಳ್ಬಾರ್ದು ಅತ್ತೆ ಅಂದ ಅಳಿಯ. ಯಾವೂರ ಸಾಸ್ತ್ರ ಅದು? ಬೂದಿ ಕೊಟ್ರೆ ಬೂದೀಲಿ ನಾನೇನ್ ನೋಡ್ಲಿ? ಆ ಮನೇಲಿ ಒಂದ್ ಕೂಸದೆ, ಇನ್ನೂ ಮೊಲೆ ಬುಟ್ಟಿಲ್ಲ. ಅದರ ಮೊಖದಲ್ಲೇ ಮಗಳ್ನ ನೋಡ್ಕಬೇಕು ನಾನು."

ಅಳುತ್ತಿರಲಿಲ್ಲ. ಅತ್ತು ಅತ್ತು ಮುಗಿಸಿ ಬಂದವಳ ಧ್ವನಿ ಅದು. ಮುತ್ತುವಿನ ಮುಖವನ್ನೇ ನೆಟ್ಟಗೆ ನೋಡಿದಳು.

"ನೀವು ಕಣ್ಣಾರ ಕಂಡೋರು. ನಿಜ ಯೋಳಿ. ಮೈಮೇಲೆ ಏನಾರ ಇತ್ತಾ? ಒಡ್ದಿದ್ದು, ಬಡ್ದಿದ್ದು, ಕತ್ತ್‌ಗಿತ್ತು ಇಚುಕಿದ್ದು?"

"ಏನೂ ಇರ್ಲಿಲ್ಲ ಕಣಮ್ಮ. ನಿದ್ದೆ ಮಾಡ್ದಂಗಿದ್ಲು."

ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಆಡಿದ ಮುತ್ತುವಿಗೇ ಗಾಬರಿಯಾಯಿತು.

ವಿಕ್ಟೋರಿಯಾ ಸ್ಟುಡಿಯೋ ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಯಿತು, ಇನ್ನೂ ರಾಣಿಯ ಹೆಸರೇನಯ್ಯ ನಿನಗೆ ಎಂದು ಓಣಿಯವರು ಛೇಡಿಸಿದರೆ ಮುತ್ತು, "ರಾಣಿ ಅಲ್ಲ ಕಣ್ರೀ, ನಮ್ಮಮ್ಮ" ಎಂದು ಗೋಡೆಯ ಕಡೆ ಕೈ ತೋರಿಸುತ್ತಿದ್ದ. ಅಲ್ಲಿ ಅವನ ತಾಯಿ ವಿಕ್ಟೋರಿಯಮ್ಮ ಜಪಮಾಲೆ ಹಿಡಿದು ಕಣ್ಣರಳಿಸಿ ಕೂತಿದ್ದಳು. ತೆಗೆದದ್ದು ಆಕೆ ಸತ್ತ ಮೇಲೆ. ಹಾಗೆಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲ, ಅದೇ ಅವನ ಹೆಮ್ಮೆ.

ಆ ಕಾಲದ ಮೈಸೂರಿನಲ್ಲಿ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋಗೂ ಕೂತವರಲ್ಲ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆ ಎಂದು ಕೆಲವರು, ನಮ್ಮ ಮೂತಿಗೆ ಅದೊಂದು ಕೇಡು ಎಂದು ಕೆಲವರು. ಉಸಿರು ಹೋದ ಮೇಲೆ ಮನೆಯವರಿಗೆ ನೆನಪಾಗುತ್ತಿತ್ತು. ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ, ಮುತ್ತುವಿಗೆ ಹೇಳಿಕಳಿಸುತ್ತಿದ್ದರು. ಅವನು ಫೋಟೋ ತೆಗೆದುಕೊಂಡು ಬಂದು, ಚಿತ್ರ ಮೂಡಿದ ಗಾಜಿನ ಪ್ಲೇಟಿನ ಮೇಲೆ ಸೀಸದ ಕಡ್ಡಿಯಿಂದಲೂ ಸಣ್ಣ ಚಾಕುವಿನಿಂದಲೂ ಕೆಲಸ ಮಾಡಿ, ಕೆನ್ನೆಗೆ ಮಾಂಸ ತುಂಬಿಸಿ, ತುಟಿ ಸರಿಮಾಡಿ, ಮುಚ್ಚಿದ ಕಣ್ಣು ತೆರೆಸಿ ಕೊಡುತ್ತಿದ್ದ. ಈ ಕಸುಬಿಗೆ ಟಚಿಂಗ್ ಎಂದು ಹೆಸರು. ಯಮ ಮುಚ್ಚಿದ್ದನ್ನು ಮುತ್ತು ತೆರೀತಾನೆ ಎಂದು ಜನ ಹೊಗಳಿದರೆ ಅವನು ಬೇಡ ಎನ್ನುತ್ತಿರಲಿಲ್ಲ.

ಪೋಲೀಸರಿಗೂ ಅವನೇ ಫೋಟೋ ತೆಗೆಯುತ್ತಿದ್ದ. ಮಾದೇವಿಯ ಹೆಣವನ್ನು ಬಾವಿಯಿಂದ ಎತ್ತಿದ ಬೆಳಿಗ್ಗೆ ಸಬ್‌ಇನ್ಸ್‌ಪೆಕ್ಟರ್ ನಂಜುಂಡಯ್ಯ ಜಟಕಾ ಕಳಿಸಿ ಕರೆಸಿಕೊಂಡಿದ್ದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿದ್ದ ಹೆಣವನ್ನು ಮುತ್ತು ಹತ್ತಿರದಿಂದ ಒಂದು ಪ್ಲೇಟು ತೆಗೆದ. ತೊಳೆದು, ಮಹಜರಿನ ಜೊತೆ ಇಡಲು ಅಂಗೈ ಅಗಲದ ಒಂದು ಪ್ರಿಂಟು ಹಾಕಿಕೊಟ್ಟ. ಆ ಪ್ರಿಂಟಿನಲ್ಲಿ ಕತ್ತಿನ ಭಾಗವೆಲ್ಲ ನೆರಳು, ಏನೂ ಕಾಣುತ್ತಿರಲಿಲ್ಲ. ಆದರೆ ಪ್ಲೇಟನ್ನು ಬೆಳಕಿಗೆ ಹಿಡಿದಾಗ ಗದ್ದದ ಕೆಳಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯ ಕಡೆಗೆ, ಹಗ್ಗದ ಅಗಲದ ಗೆರೆ ಸ್ಪಷ್ಟವಾಗಿತ್ತು. ಮುತ್ತು ಅದನ್ನು ನಂಜುಂಡಯ್ಯನವರನ್ನು ಕರೆದು ತೋರಿಸಿದ.

ನಂಜುಂಡಯ್ಯ ಬಹಳ ಹೊತ್ತು ನೋಡಿ ಉಸಿರುಬಿಟ್ಟರು. "ಹೆಣ ಕೊಯ್ದ ಡಾಕ್ಟರು, ನೀರಲ್ಲಿ ನೆನೆದ ಚರ್ಮ, ಗುರುತು ಇದ್ದರೂ ಇರಬಹುದು, ಖಚಿತವಾಗಿ ಹೇಳಲಾರೆ ಅಂತ ಬರೆದವ್ರೆ. ಹೆಣಾನ ಆ ಗಂಡ ಆಗ್ಲೇ ಸುಟ್ಟವ್ನೆ. ನನ್ನ ಕೈಲಿ ಉಳಿದಿರೋದು ಇದೊಂದೇ ಮುತ್ತು. ಇದನ್ನ ದೊಡ್ಡದು ಮಾಡ್ಸಬೇಕು. ಬೆಂಗಳೂರಿಂದ ಸಾಹೇಬ್ರು ಬರ್ಲಿ, ಅವರ ಕಣ್ಣೆದುರಿಗೇ ಮಾಡ್ಸಿ ರುಜು ಹಾಕ್ಸೋಣ. ಅಲ್ಲೀವರ್ಗೂ ಉಸಿರು ಬುಡಬೇಡಿ. ಅವನಿಗೆ ಗೊತ್ತಾದ್ರೆ ಅಕ್ಕಪಕ್ಕದ ಮನೆಯೋರ ಬಾಯಿ ಮುಚ್ಚಿಸ್ತಾನೆ."

"ಹೆತ್ತೋಳು ಬಂದು ಕೇಳಿದ್ರೆ ಸಾರ್?"

"ಅವಳಿಗಂತೂ ಹೇಳಲೇಬೇಡಿ! ಹೇಳಿದ ಗಳಿಗೇಲೇ ಒಂಟಿಕೊಪ್ಪಲಿಗೆ ಓಡಿಹೋಗಿ ಅವನ ಮನೆ ಮುಂದೆ ಮಣ್ಣು ತೂರ್ತಾಳೆ. ಆಮೇಲೆ ಕೇಸೆಲ್ಲಿ ಉಳೀತದೆ?"

ಪ್ಲೇಟು ಮುತ್ತುವಿನ ಹತ್ತಿರವೇ ಉಳಿಯಿತು. ಹಿಂದೆ ಒಂದು ಪ್ಲೇಟನ್ನು ಠಾಣೆಯಲ್ಲಿಟ್ಟಾಗ ಯಾರೋ ಪೇದೆ ಅದರ ಮೇಲೆ ಕೂತು ಪುಡಿಮಾಡಿದ್ದ. ಮಾದೇವಿಯ ಪ್ಲೇಟು ಕೈ ಸೇರಿದಂದಿನಿಂದ ಮುತ್ತುವಿನ ನಡಿಗೆಯೇ ಬೇರೆಯಾಯಿತು. ಪೇಪರಿನವರು ಬಂದು ಸಿಗರೇಟು ಕೊಟ್ಟು ವಿಚಾರಿಸಿದರು. ಯಾವುದೋ ವಕೀಲರ ಗುಮಾಸ್ತೆ ಮಗನ ಫೋಟೋ ತೆಗೆಸುವ ನೆಪದಲ್ಲಿ ಬಂದು ಕೆದಕಿದ. ಮುತ್ತು ಯಾರಿಗೂ ಬಾಯಿ ಬಿಡಲಿಲ್ಲ. "ನಮ್ಮ ಪಾದ್ರಿಗಳು ಪಾಪನಿವೇದನೇಲಿ ಕೇಳಿದ್ದನ್ನ ಬೀದೀಲಿ ಹೇಳ್ತಾರೇನ್ರೀ?" ಎಂದು ಮೀಸೆಯಲ್ಲೇ ನಕ್ಕ. ಸರ್ಕಾರದ ಗುಟ್ಟೊಂದು ತನ್ನ ಮರದ ಪೆಟ್ಟಿಗೆಯಲ್ಲಿದೆ ಎನ್ನುವುದು ಅವನಿಗೆ ಸುಖವಾಗಿಯೇ ಇತ್ತು. ದೇವಿರಮ್ಮ ಬಂದು ಗೋಡೆಗೆ ಒತ್ತಿ ನಿಲ್ಲುವವರೆಗೆ.

ಆಕೆ ಒಂದು ದಿನ ಬಂದು ಬಿಟ್ಟವಳಲ್ಲ. ಬೆಳಿಗ್ಗೆ ಅವನು ಬಾಗಿಲು ತೆರೆಯುವಾಗ ಎದುರಿನ ಜಗುಲಿಯ ಮೇಲೆ ಕೂತಿರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಗಿರಾಕಿ ಬಂದರೆ ಎದ್ದು ದೂರ ಹೋಗುತ್ತಿದ್ದಳು, ಗಿರಾಕಿ ಹೋದರೆ ಮತ್ತೆ ಬಂದು ಕೂರುತ್ತಿದ್ದಳು. ಮುತ್ತುವಿನ ಹೆಂಡತಿ ಆರೋಗ್ಯಮೇರಿ ಹಿಂದಿನ ಮನೆಯಿಂದ ಮಜ್ಜಿಗೆ ತಂದುಕೊಟ್ಟರೆ, ಜಾತಿಗೀತಿ ನೋಡದೆ ಗಟಗಟನೆ ಕುಡಿದು, "ನಿನ್ ಒಟ್ಟೆ ತಣ್ಗಿರ್ಲಿ ಕನವ್ವ" ಎನ್ನುತ್ತಿದ್ದಳು.

"ಹೆತ್ತ ಹೊಟ್ಟೆ ಬೆಂದುಹೋಗ್ತಾ ಇದೆ. ನೀವು ಪೆಟ್ಟಿಗೆಗೆ ಬೀಗ ಹಾಕ್ಕೊಂಡು ಕೂತಿದ್ದೀರಲ್ಲ" ಎಂದು ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಮೇರಿ ಕೇಳಿಯೇಬಿಟ್ಟಳು. "ಆ ಮಗಳ ಮೊಖ ಪೋಲೀಸ್ನೋರ ಸ್ವತ್ತಾ? ಅವಳು ಹೆತ್ತಿದ್ದಾ, ಅವರು ಹೆತ್ತಿದ್ದಾ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು."

"ನನಗೆ ಗೊತ್ತಾಗೋದು ಬೇಡ. ಅವಳಿಗೆ ಮೊಖ ತೋರ್ಸಿ, ಅಷ್ಟೇ."

ಮುತ್ತು ಅನ್ನದ ಮೇಲೆ ಸಾರು ಸುರಿದುಕೊಂಡವನು ಕಲಸದೆ ಕೂತ. ಮೇರಿಗೆ ಗೆರೆಯ ವಿಷಯ ತಿಳಿಯದು. ಪ್ಲೇಟಿನಿಂದ ಹಾಗೆಯೇ ಒಂದು ದೊಡ್ಡ ಪ್ರಿಂಟು ಹಾಕಿಕೊಟ್ಟರೆ ಗೆರೆ ಕಂಡೇ ಕಾಣುತ್ತದೆ. ಕೊಡದೆ ಇದ್ದರೆ ಆ ಹೆಂಗಸು ಜಗುಲಿಯ ಮೇಲೇ ಪ್ರಾಣ ಬಿಟ್ಟಾಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೈ ತೊಳೆಯುವ ಹೊತ್ತಿಗೆ ಅವನಿಗೆ ದಾರಿ ಹೊಳೆದಿತ್ತು. ಆಕೆಗೆ ಬೇಕಾದ್ದು ಮುಖ. ಸರ್ಕಾರಕ್ಕೆ ಬೇಕಾದ್ದು ಕತ್ತು. ಮುಖ ಕೊಟ್ಟು ಕತ್ತನ್ನು ಮುಚ್ಚಿಟ್ಟರೆ ಇಬ್ಬರಿಗೂ ಮೋಸವಿಲ್ಲವಲ್ಲ! ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡ.

ಸರಿಯಾಗಿ ಮಾಡುವುದಾದರೆ ಮೂಲ ಪ್ಲೇಟನ್ನು ಮುಟ್ಟದೆ ಅದರ ನಕಲು ಪ್ಲೇಟೊಂದನ್ನು ತೆಗೆದು ಅದರ ಮೇಲೆ ಟಚಿಂಗ್ ಮಾಡಬೇಕಿತ್ತು. ಆ ವರ್ಷ ಹೊರದೇಶದ ಮಾಲು ಬರುವುದೇ ನಿಂತು, ಪ್ಲೇಟಿಗೆ ಬರಗಾಲ. ಮದುವೆಯವರಿಗೆಂದು ಜೋಪಾನ ಮಾಡಿದ್ದ ಪ್ಲೇಟುಗಳಿದ್ದವು. ಅದರಲ್ಲೊಂದನ್ನು ತೆಗೆಯಲು ಮನಸ್ಸಾಗಲಿಲ್ಲ. ಸೀಸದ ಕಡ್ಡಿಯ ಗುರುತು ತಾನೆ, ಟರ್ಪೆಂಟೈನಿನಲ್ಲಿ ಒರೆಸಿದರೆ ಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡು ಮೂಲ ಪ್ಲೇಟನ್ನೇ ಟಚಿಂಗ್ ಮೇಜಿನ ಮೇಲಿಟ್ಟ.

ಪ್ಲೇಟಿನಲ್ಲಿ ಎಲ್ಲ ತಿರುವುಮುರುವು. ಕಪ್ಪಿದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ. ಮಾದೇವಿಯ ಕತ್ತಿನ ಕಪ್ಪು ಗೆರೆ ಅಲ್ಲಿ ಬಿಳಿಯ ದಾರದಂತೆ ಹೊಳೆಯುತ್ತಿತ್ತು. ಸೂಜಿಯಷ್ಟು ಚೂಪು ಮಾಡಿದ ಕಡ್ಡಿಯಿಂದ ಮುತ್ತು ಅದನ್ನು ಚುಕ್ಕಿ ಚುಕ್ಕಿಯಾಗಿ ತುಂಬುತ್ತಾ ಹೋದ. ಕಿಟಕಿಯ ಬಿಸಿಲು ಸರಿಯುವುದರೊಳಗೆ ಗೆರೆ ಇರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಮುಚ್ಚಿದ ರೆಪ್ಪೆಯ ಆ ಮುಖ ನೋಡಿ ಕೈ ತಡೆಯಲಿಲ್ಲ. ಹೆತ್ತವಳಿಗೆ ಕೊಡುವುದು, ಹೆಣದ ಮುಖ ಕೊಡುವುದೇ? ಕಣ್ಣಿಗೆ ಕಡ್ಡಿ ಸಾಲದು, ಚಾಕು ಬೇಕು. ಚಾಕುವಿನಿಂದ ಕೆರೆದದ್ದು ಒರೆಸಿದರೆ ಹೋಗುವುದಿಲ್ಲ. ಮುತ್ತುವಿಗೆ ಅದು ಗೊತ್ತಿತ್ತು. ಕೇಸಿಗೆ ಬೇಕಾದ್ದು ಕತ್ತು, ಕಣ್ಣು ಯಾರಿಗೆ ಬೇಕು ಎಂದುಕೊಂಡ. ಉಸಿರು ಹಿಡಿದು ಎರಡು ಪಾಪೆಗಳನ್ನು ಕೆರೆದ. ಎರಡರಲ್ಲೂ ಒಂದೊಂದು ಬೆಳಕಿನ ಬಿಂದು ಉಳಿಸಿದ. ಪ್ರಿಂಟು ಹಾಕಿ ನೋಡಿದರೆ, ತವರಿಗೆ ಹೊರಟು ನಿಂತ ಹೆಣ್ಣಿನ ಹಾಗೆ ಮಾದೇವಿ ನೋಡುತ್ತಿದ್ದಳು. ಅವನು ಅದಕ್ಕಿಂತ ಒಳ್ಳೆಯ ಕೆಲಸವನ್ನು ಅದುವರೆಗೆ ಮಾಡಿರಲಿಲ್ಲ.

ಮಾರನೆಯ ಬೆಳಿಗ್ಗೆ ದೇವಿರಮ್ಮನನ್ನು ಒಳಕ್ಕೆ ಕರೆದು ಕೈಗೆ ಕೊಟ್ಟ. ಆಕೆ ಮೊದಲು ನೋಡಿದ್ದು ಮುಖವನ್ನಲ್ಲ. ಹೆಬ್ಬೆರಳಿನಿಂದ ಕತ್ತನ್ನು ಈ ಕಡೆಯಿಂದ ಆ ಕಡೆಗೆ ಸವರಿದಳು, ಮತ್ತೆ ಸವರಿದಳು. ಬಾಗಿಲ ಬೆಳಕಿಗೆ ಹೋಗಿ ಇನ್ನೊಮ್ಮೆ ನೋಡಿದಳು.

"ಏನೂ ಇಲ್ಲ" ಎಂದಳು. "ಏನೂ ಇಲ್ವಲ್ಲ ಸಾಮಿ! ಅಯ್ಯೋ ನನ್ ಬಾಯ್ಗಿಷ್ಟು ಮಣ್ಣಾಕ. ಆ ಉಡ್ಗನ್ನ ಎಂಗೆಂಗೆ ಬಯ್ದ್ಬುಟ್ಟೆ. ಕೊಂದ್ಬುಟ್ಟೆ ಕನೋ ಅಂತ ಎಲ್ಲಾರೆದ್ರುಗೂ ಅಂದ್ಬುಟ್ಟೆ."

ಈಗ ಅತ್ತಳು. ಅಳುತ್ತಲೇ ಬಗ್ಗಿ ಮುತ್ತುವಿನ ಕಾಲು ಮುಟ್ಟಿದಳು. ಅವನು ಹಿಂದಕ್ಕೆ ಸರಿದ. ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು, ಕೇಸು ಹಾಳಾದೀತು ಎಂದು ನುಂಗಿಕೊಂಡ. "ಯಾರಿಗೂ ತೋರಿಸ್ಬೇಡಮ್ಮ, ನನ್ನ ಹೊಟ್ಟೆಪಾಡಿಗೆ ಕುತ್ತು ಬರುತ್ತೆ" ಎಂದಷ್ಟೇ ಹೇಳಿ ಕಳಿಸಿದ. ಬಾಗಿಲಲ್ಲಿ ನಿಂತಿದ್ದ ಮೇರಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮಗೆ ಪುಣ್ಯ ಬರುತ್ತೆ ರೀ" ಎಂದಳು.

ತಿಥಿ ಕಳೆದು ಕೆಲವು ದಿನಕ್ಕೆ ದೇವಿರಮ್ಮ ಮತ್ತೆ ಬಂದಳು. ಈ ಸಲ ಕಾಲಿಗೆ ಧೂಳಿರಲಿಲ್ಲ, ಜಟಕಾದಲ್ಲಿ ಬಂದಿಳಿದಳು. ಜೊತೆಗೆ ಹದಿನಾರರ ಹುಡುಗಿ, ಹೊಸ ಸೀರೆ, ಕೈತುಂಬ ಹಸಿರು ಗಾಜಿನ ಬಳೆ.

"ಇವ್ಳು ನನ್ ಚಿಕ್ ಮಗ್ಳು ನಿಂಗಿ. ಇವ್ಳ್ದೊಂದು ಫೋಟೋ ಇಡೀರಿ ಸಾಮಿ. ಬದ್ಕಿರೋವಾಗ್ಲೇ ಒಂದಿರ್ಲಿ" ಎಂದು ಸ್ವಲ್ಪ ನಕ್ಕಳು. "ಈ ಬಳೆ ಅಳಿಯನೇ ಕೊಡ್ಸಿದ್ದು."

"ಯಾವ ಅಳಿಯ?" ಎಂದ ಮುತ್ತು.

"ಯಾವ್ನು ಅಂದ್ರೆ? ಇರೋನು ಒಬ್ನೇ. ತಿಥಿ ದಿನ ಅವ್ನ ಕೈ ಇಡ್ಕಂಡು, ತಪ್ಪಾಯ್ತು ಕನಪ್ಪ, ನಿನ್ಮೇಲೆ ಇಲ್ಲುದ್ದೆಲ್ಲ ಒರ್ಸ್‌ಬುಟ್ಟೆ ಅಂದೆ. ನೀವ್ ಕೊಟ್ಟಿದ್ನ ತೋರ್ಸ್‌ದೆ. ಯಾರ್ಗೂ ಬ್ಯಾಡ ಅಂದಿದ್ರಿ, ಆದ್ರೂ ಅವ್ನು ಗಂಡ ಅಲ್ವಾ? ಬೋ ಒತ್ತು ನೋಡ್ದ. ಕತ್ತತ್ರ ಬೆರ್ಳಿಟ್ಟು ನೋಡ್ದ. ಆಮೇಲೆ, ಅತ್ತೆ, ಇದು ನನ್ನತ್ರ ಇರ್ಲಿ ಅಂತ ಇಸ್ಕಂಡ. ಆ ಕೂಸ್ನ ಮೊಖ ನೋಡಿ ನಂಗೆ ತಡೀನಿಲ್ಲ. ಬೇರೆಯೋಳು ಬಂದ್ರೆ ಅದ್ನ ಸಾಕಾಳಾ? ಅಕ್ಕನ ಮನೆಗೆ ತಂಗಿ ಓಗೋದು ಒಸ್ದೇನಲ್ಲ. ಮುಂದಿನ ತಿಂಗ್ಳು ಧಾರೆ ಮಾಡ್ಬುಡಾನ ಅಂತ ಮಾತಾಗದೆ."

ನಿಂಗಿ ಆಗಲೇ ಕೆತ್ತನೆಯ ಕುರ್ಚಿಯಲ್ಲಿ ಕೂತು ಪರದೆಯ ಹಂಸವನ್ನು ಕತ್ತು ತಿರುಗಿಸಿ ನೋಡುತ್ತಿದ್ದಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡ ಮುತ್ತು. ಹೇಳಿದರೆ ಎರಡು ಮಾತು ಹೇಳಬೇಕು: ನಿನ್ನ ಮಗಳ ಕತ್ತಿನಲ್ಲಿ ಗುರುತಿತ್ತು ಎನ್ನುವುದೊಂದು, ನಾನು ಸುಳ್ಳುಗಾರ ಎನ್ನುವುದೊಂದು. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಅಲ್ಲಿ ಕತ್ತಲಿತ್ತು, ಯಾರೂ ಅವನ ಮುಖ ನೋಡುವಂತಿರಲಿಲ್ಲ. ಆ ಹುಡುಗಿಯ ಫೋಟೋ ತೆಗೆದ! ಗದ್ದ ಸ್ವಲ್ಪ ಮೇಲೆತ್ತಮ್ಮ ಎಂದು ಹೇಳಿದ್ದೂ ಅವನೇ. ಅವರು ಜಟಕಾ ಹತ್ತಿ ಹೋದ ಮೇಲೆ ಒಳಕ್ಕೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತ.

ಮೇರಿ ಎಲ್ಲ ಕೇಳಿಸಿಕೊಂಡಿದ್ದಳು. "ಏನಾಯ್ತು ರೀ? ಯಾಕೆ ಹಿಂಗಾಡ್ತೀರಿ?" ಎಂದು ಕೇಳಿದಾಗ ಅವನು ಎಲ್ಲವನ್ನೂ ಹೇಳಿದ. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ನಾನು ಕೊಡಿ ಅಂದಿದ್ದು ಮೊಖಾನ" ಎಂದಳು. "ಸುಳ್ಳನ್ನ ಕೊಡಿ ಅಂದ್ನಾ? ಕೊಡಲ್ಲ ಅಂದಿದ್ರೂ ಅವಳು ತಡ್ಕೊಳ್ತಿದ್ಲು. ಈಗ ಇನ್ನೊಂದನ್ನೂ ತಗೊಂಡೋಗಿ ಅದೇ ಬಾವಿ ಕಟ್ಟೆಗೆ ಬುಡ್ತಾಳಲ್ರೀ!"

ಮುತ್ತು ಎದ್ದು ಹೋಗಿ ಪೆಟ್ಟಿಗೆಯ ಬೀಗ ತೆಗೆದ. ಹತ್ತಿಗೆ ಟರ್ಪೆಂಟೈನ್ ಅದ್ದಿ ಪ್ಲೇಟಿನ ಕತ್ತನ್ನು ಒರೆಸಿದ. ಅವನು ಅಂದುಕೊಂಡಿದ್ದ ಹಾಗೆಯೇ ಸೀಸವೆಲ್ಲ ಕರಗಿ ಹೋಯಿತು, ಗೆರೆ ಎದ್ದು ಬಂತು. ಸದ್ಯ ಎನ್ನುತ್ತ ದೊಡ್ಡ ಕಾಗದಕ್ಕೆ ಪ್ರಿಂಟು ಹಾಕಿದ. ಔಷಧಿಯ ತಟ್ಟೆಯಲ್ಲಿ ಕಾಗದ ಕಪ್ಪೇರುತ್ತಾ ಬಂದಾಗ ಮೊದಲು ಕತ್ತಿನ ಗೆರೆ ಮೂಡಿತು. ಹಿಂದೆಯೇ ಎರಡು ಕಣ್ಣು ಮೂಡಿದವು. ಕತ್ತಿಗೆ ಹಗ್ಗದ ಗುರುತಿದ್ದ ಹೆಂಗಸು ಅರಳಿದ ಕಣ್ಣಿನಿಂದ, ಮಿನುಗುವ ಬೆಳಕಿನ ಬಿಂದುಗಳ ಸಮೇತ, ಅವನನ್ನು ನೋಡುತ್ತಿದ್ದಳು. ತಾನು ಮಾಡಿದ್ದೇನು ಎನ್ನುವುದು ಅವನಿಗೆ ಪೂರ್ತಿ ಅರ್ಥವಾದದ್ದು ಆಗಲೇ.

ಠಾಣೆಯಲ್ಲಿ ನಂಜುಂಡಯ್ಯ ಆ ಪ್ರಿಂಟನ್ನು ಮೇಜಿನ ಮೇಲಿಟ್ಟುಕೊಂಡು ಅದರ ಕಣ್ಣನ್ನೇ ನೋಡಿದರು. ಮುತ್ತು ನಿಂತೇ ಎಲ್ಲ ಒಪ್ಪಿಸಿದ. ಅವರು ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ಕಾದ. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತ್ತು.

"ಕಣ್ಣು ಮುಚ್ಚೋಕಾಗುತ್ತಾ?" ಎಂದು ಕೇಳಿದರು.

"ಆಗಲ್ಲ ಸಾರ್. ಚಾಕುವಿನ ಕೆಲಸ."

"ಚೆಲುವರಾಜುವಿನ ವಕೀಲರ ಹತ್ರ ನೀವೇ ಕೊಟ್ಟ ಫೋಟೋ ಇರುತ್ತೆ. ಅದರಲ್ಲಿ ಕತ್ತು ಶುದ್ಧ. ಮಹಜರಿನ ಜೊತೆ ಇರೋ ಪ್ರಿಂಟಲ್ಲಿ ಬರೀ ನೆರಳು. ಇದರಲ್ಲಿ ಗೆರೆ. ಸತ್ತೋರ ಕಣ್ಣು ತೆರೆಸೋನು ಕತ್ತಿಗೊಂದು ಗೆರೆ ಎಳೆಯಲಾರನಾ ಅಂತ ಕೇಳ್ತಾರೆ. ನಾನೇ ಅವರ ಜಾಗದಲ್ಲಿದ್ರೂ ಕೇಳ್ತಿದ್ದೆ." ಟೋಪಿ ತೆಗೆದು ತಲೆ ಕೆರೆದುಕೊಂಡರು. "ಯಾರಿಗೂ ತೋರಿಸಬೇಡಿ ಅಂದೆ. ತೋರಿಸಿದ್ರಿ. ಹೋಗ್ಲಿ, ತೋರಿಸೋನು ಇದ್ದದ್ದನ್ನ ಇದ್ದಂಗೆ ತೋರಿಸಿದ್ರೂ ಆಗ್ತಿತ್ತಲ್ರೀ. ಅವಳು ಮಣ್ಣು ತೂರ್ತಿದ್ಲು, ಅವನು ಹುಷಾರಾಗ್ತಿದ್ದ, ಆದರೂ ಪ್ಲೇಟು ಉಳೀತಿತ್ತು."

"ಚಿಕ್ಕ ಮಗಳನ್ನ ಅವನಿಗೇ ಕೊಡ್ತಾರಂತೆ ಸಾರ್. ಮುಂದಿನ ತಿಂಗಳು."

ನಂಜುಂಡಯ್ಯ ತಲೆಯೆತ್ತಿದರು. ಅವರ ಮುಖದಲ್ಲೂ ನಾಚಿಕೆಯಂಥದ್ದೇನೋ ಹಾದುಹೋಯಿತು. ಠಾಣೆಯ ಮುಂದೆ ದಿನಗಟ್ಟಲೆ ಕೂತಿದ್ದ ಹೆಂಗಸನ್ನು ಓಗವ್ವ ಎಂದು ಎಬ್ಬಿಸಿ ಕಳಿಸಿದ್ದವರು ಅವರೇ. ಪ್ರಿಂಟನ್ನು ಮೇಜಿನ ಈಚೆಗೆ ತಳ್ಳಿದರು.

"ಇದರಲ್ಲಿ ಇನ್ನೇನು ಗುಟ್ಟು ಉಳಿದಿದೆ? ತಗೊಂಡೋಗಿ. ಹೆತ್ತೋಳಿಗೆ ತೋರಿಸ್ಕೊಳ್ಳಿ."

ಬೋಗಾದಿಯ ದಾರಿಯುದ್ದಕ್ಕೂ ಮುತ್ತು ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿಕೊಂಡು ಹೋದದ್ದೇ ಹೆಚ್ಚು. ದೇವಿರಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು.

"ಇದೇನ್ ಸಾಮಿ, ಫೋಟೋ ಕೊಡಾಕೆ ನೀವೇ ಬಂದ್ಬುಟ್ರಾ! ನಿಂಗೀ, ಸಾಮಿಗೆ ಚಾಪೆ ಆಕು. ಒಂದ್ ಲೋಟ ಪಾನಕ ಮಾಡು."

"ಬೇಡ ಕಣಮ್ಮ" ಎಂದ ಮುತ್ತು. ಕೂರಲಿಲ್ಲ. ಗೋಡೆಗೆ ಒತ್ತಿ ನಿಂತು, ಸುತ್ತಿ ತಂದಿದ್ದ ಬಟ್ಟೆ ಬಿಚ್ಚಿದ. "ಅವತ್ತು ನಾನು ಸುಳ್ಳು ಹೇಳ್ದೆ. ನಿಮ್ಮ ಮಗಳ ಕತ್ತಲ್ಲಿ ಗುರುತಿತ್ತು. ನಾನು ಅದನ್ನ ಮುಚ್ಚಿ ಫೋಟೋ ಮಾಡ್ಕೊಟ್ಟೆ. ಇದು ನೋಡಿ. ಇದು ಇದ್ದದ್ದು."

ದೇವಿರಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಅವಳ ಮಡಿಲಿನಿಂದ ಅವರೆಕಾಳು ಜಗುಲಿಯ ಮೇಲೆ ಚೆಲ್ಲಿದವು. "ಇದ್ರಲ್ಲೂ ಕಣ್ ಬುಟ್ಕಂಡವ್ಳಲ್ಲ" ಎಂದಳು.

"ಕಣ್ಣು ನಾನು ತೆರೆಸಿದ್ದು ಕಣಮ್ಮ."

"ಮತ್ತೆ ಗೆರೆ?"

"ಅದು ನಾನು ಮಾಡಿದ್ದಲ್ಲ. ದೇವರಾಣೆ."

"ಅವತ್ತು ಏನೂ ಇಲ್ಲ ಅಂದೋರೂ ನೀವೇ. ಇವತ್ತು ಅದೆ ಅನ್ನೋರೂ ನೀವೇ." ಧ್ವನಿ ಏರಲಿಲ್ಲ, ಬೈಗುಳವಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು. "ಯಾವ್ದ ನಂಬ್ಲಿ ಸಾಮಿ ನಾನು?"

ಇಪ್ಪತ್ತು ವರ್ಷದಿಂದ ಊರಿನವರೆಲ್ಲ ಹೊಗಳಿದ್ದ ಎರಡು ಕೈಗಳನ್ನು ಮುತ್ತು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಚಾಪೆ ಹಿಡಿದು ಬಂದಿದ್ದ ನಿಂಗಿ ಹೊಸ್ತಿಲಲ್ಲೇ ನಿಂತು ಇಬ್ಬರನ್ನೂ ಮಿಕಮಿಕ ನೋಡುತ್ತಿದ್ದಳು.

ದೇವಿರಮ್ಮ ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು. ಉಸಿರು ನಿಂತವರ ರೆಪ್ಪೆ ಎಳೆಯುತ್ತಾರಲ್ಲ, ಹಾಗೆ ಎರಡು ಬೆರಳನ್ನು ಮಗಳ ಹಣೆಯಿಂದ ಮೆಲ್ಲಗೆ ಕೆಳಕ್ಕೆ ಜಾರಿಸಿ, ಕಣ್ಣುಗಳ ಮೇಲೆ ಇಟ್ಟಳು. ಈಗ ಫೋಟೋದಲ್ಲಿ ಕಾಣುತ್ತಿದ್ದದ್ದು ಮೂಗು, ತುಟಿ, ಗದ್ದ, ಕತ್ತು ಮಾತ್ರ. ಅವಳು ಅದನ್ನು ಕಣ್ಣೆವೆಯಿಕ್ಕದೆ ನೋಡಿದಳು.

"ನಿಂಗೀ" ಎಂದಳು ಕೊನೆಗೆ, ತಲೆಯೆತ್ತದೆ. "ಬಳೆ ತಗಿ."

"ಯಾಕವ್ವ?"

"ತಗಿ ಅಂದೆ."

ಹುಡುಗಿ ಚಾಪೆ ಕೆಳಗಿಟ್ಟು ಒಂದೊಂದೇ ಬಳೆ ಕಳಚತೊಡಗಿದಳು. ಮುತ್ತು ಒಂದು ಹೆಜ್ಜೆ ಮುಂದೆ ಬಂದು, "ಅಮ್ಮ, ನನ್ನಿಂದ..." ಎಂದ. ದೇವಿರಮ್ಮ ಅವನ ಕಡೆ ನೋಡಲಿಲ್ಲ. "ಓಗಿ ಸಾಮಿ" ಎಂದಳು, "ಒತ್ತಾಯ್ತು."

ಅವನು ಸೈಕಲ್ಲು ತಳ್ಳಿಕೊಂಡು ಬೀದಿಯ ತಿರುವಿಗೆ ಬಂದು ಹಿಂದಿರುಗಿ ನೋಡಿದ. ಕೋಳಿಗಳು ಜಗುಲಿ ಹತ್ತಿ ಚೆಲ್ಲಿದ ಕಾಳನ್ನು ಹೆಕ್ಕುತ್ತಿದ್ದವು, ಯಾರೂ ಓಡಿಸುತ್ತಿರಲಿಲ್ಲ. ದೇವಿರಮ್ಮ ಮಡಿಲಲ್ಲಿ ಫೋಟೋ ಇಟ್ಟುಕೊಂಡು, ಕಣ್ಣಿನ ಮೇಲಿಟ್ಟ ಬೆರಳನ್ನು ತೆಗೆಯದೆ ಹಾಗೆಯೇ ಕೂತಿದ್ದಳು.